ಪ್ಲೇಟು ಮುಗಿದ ಮೇಲೆ ಮುಳ್ಳು ಎತ್ತುವವರು ಯಾರು?

ಬಾರ್ಕೂರಿಗೆ ಹೊರಗಿನವರು ಬಂದರೆ ನಾವು ಮೊದಲು ತೋರಿಸುವುದು ಕಲ್ಲನ್ನು. ಕತ್ತಲೆ ಬಸದಿಯ ಕಲ್ಲು, ಕೋಟೆಯ ಕಲ್ಲು, ಕೇರಿ ಕೇರಿಯ ದೇವಸ್ಥಾನದ ಕಲ್ಲು, ಅದರ ಮೇಲಿನ ಶಾಸನ. ಆಳುಪರು ಇಲ್ಲಿಂದ ಆಳಿದ್ದು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಎಂದೇ ಒಂದು ಆಡಳಿತ ವಿಭಾಗ ಇದ್ದದ್ದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಆ ಬರಹಗಳಿಂದ.

ಈ ಲೇಖನ ಇನ್ನೊಂದು ಬಗೆಯ ಶಾಸನದ ಬಗ್ಗೆ. ಇದನ್ನು ಕೆತ್ತಿರುವುದು ಅರಗಿನ ಮೇಲೆ. ಅಕ್ಷರದ ಜಾಗದಲ್ಲಿ ಧ್ವನಿ ಇದೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ, ಕಾಗದದ ಚೀಲದೊಳಗೆ, ಧೂಳು ಹಿಡಿದು ಇವು ಇನ್ನೂ ಇವೆ. ಹಿರಿಯರು ಅದನ್ನು 'ಪ್ಲೇಟು' ಎನ್ನುತ್ತಾರೆ. ಗ್ರಾಮಫೋನ್ ಪ್ಲೇಟು.

ಕಲ್ಲಿನ ಶಾಸನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಲ್ಲಿನ ಮೇಲಿನ ಬರಹವನ್ನು ಸಾವಿರ ಜನ ಓದಿದರೂ ಓದಿದ್ದರಿಂದ ಅದು ಸವೆಯುವುದಿಲ್ಲ. ಪ್ಲೇಟನ್ನು ಓದುವುದು ಮುಳ್ಳು. ಓದಿದಷ್ಟೂ ಸ್ವಲ್ಪ ಸ್ವಲ್ಪ ಸವೆಸುತ್ತದೆ. ಹಾಗಾಗಿ ಪ್ಲೇಟಿನ ಮೇಲೆ ಮುಳ್ಳು ಇಡುವುದು ಎಷ್ಟು ಮುಖ್ಯವೋ, ಹಾಡು ಮುಗಿದ ಕೂಡಲೇ ಅದನ್ನು ಎತ್ತುವುದೂ ಅಷ್ಟೇ ಮುಖ್ಯ. ಈ 'ಎತ್ತುವ' ಕೆಲಸಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದನ್ನು ಮನುಷ್ಯ ಮಾಡಿದ, ಆಮೇಲೆ ಯಂತ್ರ ಮಾಡಿತು, ಮತ್ತೆ ಮನುಷ್ಯ ಮಾಡಿದ. ಆ ಕತೆ ತಿಳಿದರೆ ಅಟ್ಟದ ಮೇಲಿನ ಪ್ಲೇಟುಗಳನ್ನು ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಒಂದೇ ಒಂದು ಗೆರೆ

ಪ್ಲೇಟನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ನೂರಾರು ಗೆರೆಗಳು ಕಾಣುತ್ತವೆ. ನಿಜವಾಗಿ ಅಲ್ಲಿರುವುದು ಒಂದೇ ಗೆರೆ. ಹೊರ ಅಂಚಿನಲ್ಲಿ ಶುರುವಾಗಿ ಸುತ್ತುತ್ತ ಸುತ್ತುತ್ತ ಒಳಗೆ ಲೇಬಲಿನ ಹತ್ತಿರ ಮುಗಿಯುತ್ತದೆ.

ಹಳೆಯ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಹತ್ತು ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು. ಲೆಕ್ಕ ಹಾಕಿ: ಮೂರು ನಿಮಿಷಕ್ಕೆ 234 ಸುತ್ತು. ಆ ಗೆರೆಯನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ನೂರು ಮೀಟರಿಗೂ ಮಿಕ್ಕಿ ಬರುತ್ತದೆ, ಹೆಚ್ಚುಕಮ್ಮಿ ಕಂಬಳದ ಕರೆಯಷ್ಟು. ಆ ಉದ್ದಕ್ಕೂ ಗೆರೆಯ ಎರಡು ಗೋಡೆಗಳು ಸಣ್ಣಗೆ ಅಂಕುಡೊಂಕಾಗಿವೆ. ಮುಳ್ಳು ಆ ಅಂಕುಡೊಂಕಿನಲ್ಲಿ ಓಡುವಾಗ ನಡುಗುತ್ತದೆ. ಆ ನಡುಕವೇ ನಮಗೆ ಹಾಡಾಗಿ ಕೇಳುವುದು.

ಮುಳ್ಳನ್ನು ಹಿಡಿದಿರುವ ಉದ್ದನೆಯ ಕೊಳವೆಗೆ ಟೋನ್ ಆರ್ಮ್ ಎಂದು ಹೆಸರು. ನಾವು 'ಕೈ' ಎನ್ನೋಣ. ಕೈಗೆ ಸ್ವಂತ ಬುದ್ಧಿ ಇಲ್ಲ. ಗೆರೆ ಎಳೆದುಕೊಂಡು ಹೋದಲ್ಲಿ ಹೋಗುತ್ತದೆ. ಹಾಡು ಮುಗಿಯಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಯಾರಾದರೂ ಎತ್ತುವ ತನಕ ಅದು ಅಲ್ಲೇ ಉಜ್ಜುತ್ತಿರುತ್ತದೆ.

ಕೊನೆಗೆ ಹೆಸರು ಹೇಳಿದ ಗಾಯಕಿ

ಚಪ್ಪಟೆ ಪ್ಲೇಟಿನ ಗ್ರಾಮಫೋನಿಗೆ ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಹತ್ತು ವರ್ಷ ಮೊದಲೇ, 1877ರಲ್ಲಿ, ಎಡಿಸನ್ ಧ್ವನಿ ಹಿಡಿಯುವ ಯಂತ್ರ ಮಾಡಿದ್ದ. ಆದರೆ ಅದು ಉರುಳೆಯ ಯಂತ್ರ. ಒಂದೇ ಅಚ್ಚಿನಿಂದ ಸಾವಿರಾರು ಪ್ರತಿ ಒತ್ತಲು ಸುಲಭವಾದದ್ದು ಬರ್ಲಿನರನ ಚಪ್ಪಟೆ ಪ್ಲೇಟು.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತಕ್ಕೆ ಬಂದು ಹಾಡುಗಳನ್ನು ಮುದ್ರಿಸಿಕೊಂಡ. ಆಗ ಹಾಡಿದವರಲ್ಲಿ ಬಹಳ ಹೆಸರು ಮಾಡಿದವಳು ಗೌಹರ್ ಜಾನ್. ಅವಳ ಪ್ಲೇಟುಗಳ ಕೊನೆಯಲ್ಲಿ ಒಂದು ವಿಶೇಷ ಇದೆ. ಹಾಡು ಮುಗಿಸಿ, ತನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಅಚ್ಚು ಒತ್ತುವುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸದವರಿಗೆ ಇದು ಯಾರ ಹಾಡು, ಯಾವ ಲೇಬಲು ಅಂಟಿಸಬೇಕು ಎಂದು ತಿಳಿಯಲಿಕ್ಕೆ ಈ ವ್ಯವಸ್ಥೆ.

ಕೇಳುವವರಿಗೆ ಅದರಿಂದ ಇನ್ನೊಂದು ಉಪಯೋಗವೂ ಆಯಿತು. ಹೆಸರು ಕೇಳಿದರೆ ಹಾಡು ಮುಗಿಯಿತು ಎಂದರ್ಥ. ಎದ್ದು ಹೋಗಿ ಮುಳ್ಳು ಎತ್ತಬೇಕು.

ಗೌಹರ್ ಜಾನ್ ಕತೆ ಮುಗಿದದ್ದು ನಮ್ಮ ಕರ್ನಾಟಕದಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ 1928ರಲ್ಲಿ ಬಂದ ಅವಳು 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡಳು. ಅವಳ ದನಿ ಇವತ್ತಿಗೂ ಉಳಿದಿದೆ. ಉಳಿದಿರುವುದು ಯಾರೋ ಕೆಲವರು ಆ ಪ್ಲೇಟುಗಳನ್ನು ಜೋಪಾನ ಮಾಡಿದ್ದರಿಂದ.

ಒಂದು ಬದಿಗೆ ಒಂದು ಮುಳ್ಳು

ಕಲ್ಕತ್ತದ ಸಿಯಾಲ್ದಾದಲ್ಲಿ 1908ರಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಶುರುವಾಯಿತು. ಆಮೇಲೆ ಅದು ಡಂಡಂಗೆ ಹೋಯಿತು. ನಾಯಿ ಕೂತು ಕೇಳುವ ಚಿತ್ರದ ಎಚ್‌ಎಂವಿ ಪ್ಲೇಟುಗಳು ಊರೂರಿಗೆ ಬಂದದ್ದು ಅಲ್ಲಿಂದ. ಪ್ಲೇಟಿಗೆ ಬೇಕಾದ ಅರಗಂತೂ ನಮ್ಮ ದೇಶದ ಕಾಡಿನದ್ದೇ. ಮರದ ಕೊಂಬೆಯ ಮೇಲೆ ಅರಗಿನ ಹುಳ ಬಿಡುವ ಅಂಟನ್ನು ಶುದ್ಧ ಮಾಡಿ, ಅದಕ್ಕೆ ಕಲ್ಲಿನ ಹುಡಿ, ಹತ್ತಿಯ ನಾರು, ಕಪ್ಪು ಮಸಿ ಸೇರಿಸಿ, ಬಿಸಿಯಲ್ಲಿ ಒತ್ತಿದರೆ ಪ್ಲೇಟು.

ಕಲ್ಲಿನ ಹುಡಿ ಯಾಕೆ? ಪ್ಲೇಟು ಗಟ್ಟಿಯಾಗಲಿಕ್ಕೆ ಒಂದು ಕಾರಣ. ಇನ್ನೊಂದು ಕಾರಣ, ಮುಳ್ಳನ್ನು ಮಸೆಯಲಿಕ್ಕೆ. ಆಗಿನ ಮುಳ್ಳು ಉಕ್ಕಿನದ್ದು. ಪ್ಲೇಟಿನ ಮೊದಲ ಕೆಲವು ಸುತ್ತುಗಳಲ್ಲೇ ಅದರ ತುದಿ ಗೆರೆಯ ಆಕಾರಕ್ಕೆ ಸರಿಯಾಗಿ ಸವೆದು ಕೂರುತ್ತಿತ್ತು. ಮೂರು ನಿಮಿಷ ಆಗುವಾಗ ತುದಿ ಚಪ್ಪಟೆಯಾಗಿ ಅಂಚು ಹರಿತವಾಗುತ್ತಿತ್ತು. ಅದೇ ಮುಳ್ಳನ್ನು ಮತ್ತೆ ಇಟ್ಟರೆ ಗೆರೆಯ ಗೋಡೆಯನ್ನು ಕೆರೆಯುತ್ತದೆ. ಹಾಗಾಗಿ ಒಂದು ಬದಿಗೆ ಒಂದೇ ಮುಳ್ಳು, ಆಮೇಲೆ ಎಸೆಯಬೇಕು. ಮುಳ್ಳುಗಳು ಸಣ್ಣ ತಗಡಿನ ಡಬ್ಬಿಯಲ್ಲಿ ಬರುತ್ತಿದ್ದದ್ದು ಇದಕ್ಕೇ.

ಜತೆಗೆ ಭಾರ. ಹಳೆಯ ಗ್ರಾಮಫೋನಿನ ಸೌಂಡ್ ಬಾಕ್ಸ್ ಮುಳ್ಳಿನ ಮೇಲೆ ಹೇರುತ್ತಿದ್ದ ಭಾರ 100 ಗ್ರಾಮಿಗಿಂತ ಹೆಚ್ಚು. ಸೂಜಿ ಮೊನೆಯಷ್ಟು ಜಾಗದ ಮೇಲೆ ಅಷ್ಟು ಭಾರ.

ಈಗ ಆ ಕಾಲದ ಒಂದು ಮನೆಯ ಜಗಲಿಯನ್ನು ಊಹಿಸಿಕೊಳ್ಳಿ. ಕೀ ಕೊಡಬೇಕು, ಮುಳ್ಳು ಬದಲಿಸಬೇಕು, ಇಡಬೇಕು, ಮೂರು ನಿಮಿಷಕ್ಕೆ ಎದ್ದು ಎತ್ತಬೇಕು, ಪ್ಲೇಟು ಮಗುಚಬೇಕು. ಕೇಳುವವರು ಹತ್ತು ಜನ ಇದ್ದರೂ ಒಬ್ಬರು ಯಂತ್ರದ ಪಕ್ಕದಲ್ಲೇ ಕೂತಿರಬೇಕು. ವಿದ್ಯುತ್ ಇಲ್ಲದ ಊರಿಗೂ ಸಂಗೀತ ತಂದ ಈ ಪೆಟ್ಟಿಗೆ ಒಬ್ಬ ಕಾವಲುಗಾರನನ್ನು ಕೇಳುತ್ತಿತ್ತು.

ಮೊದಲು ಕಲಿತದ್ದು ನಿಲ್ಲುವುದು

ಯಂತ್ರ ಮೊದಲು ಕಲಿತದ್ದು ಕೈ ಎತ್ತುವುದನ್ನಲ್ಲ, ತಿರುಗುವುದನ್ನು ನಿಲ್ಲಿಸುವುದನ್ನು. ಪ್ಲೇಟು ಮುಗಿದಾಗ ತಾನಾಗಿ ಬೀಳುವ ಬ್ರೇಕ್ ಬಂತು. ಮೊದಮೊದಲಿನ ಬ್ರೇಕುಗಳಲ್ಲಿ ಈ ಪ್ಲೇಟು ಎಲ್ಲಿ ಮುಗಿಯುತ್ತದೆ ಎಂದು ನೋಡಿ, ಕೈಯಿಂದ ಗುರುತು ಹೊಂದಿಸಬೇಕಿತ್ತು. ಆಮೇಲೆ ಹೊಂದಿಸದೆಯೇ ಕೆಲಸ ಮಾಡುವ ಬ್ರೇಕ್ ಬಂತು. 1931ರಲ್ಲಿ ಬಂದ ಎಚ್‌ಎಂವಿ 102 ಎಂಬ ಸೂಟ್‌ಕೇಸಿನಂಥ ಗ್ರಾಮಫೋನಿನಲ್ಲಿ ಇಂಥ ಬ್ರೇಕ್ ಇತ್ತು. ನಮ್ಮ ದೇಶದಲ್ಲಿ ಇವತ್ತಿಗೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅದು ಕಾಣಸಿಗುತ್ತದೆ.

ಬ್ರೇಕ್ ಬಿದ್ದರೆ ತಟ್ಟೆ ನಿಲ್ಲುತ್ತದೆ, ಮುಳ್ಳು ಮಾತ್ರ ಪ್ಲೇಟಿನ ಮೇಲೇ ಕೂತಿರುತ್ತದೆ. ತಿರುಗುವುದು ನಿಂತ ಮೇಲೆ ಸವೆತವೂ ನಿಂತಿತು. ಅಷ್ಟು ಸಾಕು ಎಂದು ಆ ಕಾಲದವರು ಅಂದುಕೊಂಡರು. ಹೇಗೂ ಎದ್ದು ಹೋಗಿ ಮುಳ್ಳು ಬದಲಿಸಲೇಬೇಕಲ್ಲ!

ಎತ್ತುವುದನ್ನು ಕಲಿಸಿದ್ದು ಅವಸರ

ಹಾಗಾದರೆ ಯಂತ್ರ ಕೈಯನ್ನು ಎತ್ತಲು ಕಲಿತದ್ದು ಯಾಕೆ? ಪ್ಲೇಟಿನ ಮೇಲಿನ ಕಾಳಜಿಯಿಂದ ಎಂದು ನೀವು ಅಂದುಕೊಳ್ಳಬಹುದು. ಕಾರಣ ಅದಲ್ಲ. ಮುಂದಿನ ಹಾಡಿನ ಅವಸರ.

1927ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ, ಪ್ಲೇಟುಗಳನ್ನು ತಾನೇ ಬದಲಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಒಂದು ಕಟ್ಟು ಪ್ಲೇಟು ಇಟ್ಟು ಕೂತರೆ ಒಂದಾದ ಮೇಲೆ ಒಂದು ಹಾಡು. ಇದಕ್ಕೆ ರೆಕಾರ್ಡ್ ಚೇಂಜರ್ ಎಂದು ಹೆಸರಾಯಿತು. ಇಂಗ್ಲೆಂಡಿನಲ್ಲಿ ಸ್ವಿಂಡನ್ ಊರಿನ ಗ್ಯಾರಾರ್ಡ್ ಕಂಪನಿ 1930ರ ದಶಕದಲ್ಲಿ, ಬಿಎಸ್‌ಆರ್ ಎಂಬ ಕಂಪನಿ 1950ರ ದಶಕದಲ್ಲಿ ಇಂಥವನ್ನು ರಾಶಿ ರಾಶಿ ಮಾಡಿದವು. ಮುಂದಿನ ಪ್ಲೇಟು ಬರಬೇಕಾದರೆ ಕೈ ದಾರಿ ಬಿಡಬೇಕು. ದಾರಿ ಬಿಡಬೇಕಾದರೆ ಮೊದಲು ಏಳಬೇಕು. ಹಾಗಾಗಿ ಯಂತ್ರ ಎತ್ತಲು ಕಲಿಯಿತು.

ಹಾಡು ಮುಗಿಯಿತು ಎಂದು ಅದಕ್ಕೆ ತಿಳಿಯುವುದು ಹೇಗೆ? ಇದು ಬಹಳ ಚಂದದ ಉಪಾಯ. 1920ರ ದಶಕದಿಂದ ಪ್ಲೇಟಿನ ಕೊನೆಯಲ್ಲಿ ಹಾಡಿಲ್ಲದ ಒಂದು ಖಾಲಿ ಗೆರೆ ಬಂತು. ಹಾಡಿನ ಗೆರೆ ಒತ್ತೊತ್ತಾಗಿರುತ್ತದೆ. ಒಂದು ಸುತ್ತಿಗೆ ಕೈ ಒಳಗೆ ಸರಿಯುವುದು ಸುಮಾರು ಕಾಲು ಮಿಲಿಮೀಟರ್. ಖಾಲಿ ಗೆರೆ ಹಾಗಲ್ಲ, ಒಂದೇ ಸುತ್ತಿಗೆ ಹಲವು ಮಿಲಿಮೀಟರ್ ಒಳಕ್ಕೆ ಜಾರುತ್ತದೆ. ಹಾಡಿನಲ್ಲಿ ಕೈ ಮೆಲ್ಲ ನಡೆಯುತ್ತದೆ, ಹಾಡು ಮುಗಿದಾಗ ಓಡುತ್ತದೆ. ಯಂತ್ರ ನೋಡುವುದು ಈ ವೇಗವನ್ನು ಮಾತ್ರ.

ಕೈಯ ಬುಡದಲ್ಲಿ ಸಡಿಲವಾಗಿ ಕೂತ ಒಂದು ಸಣ್ಣ ತಗಡಿನ ನಾಲಗೆ ಇದೆ. ತಿರುಗುವ ತಟ್ಟೆಯ ಅಡಿಯಲ್ಲಿ ಒಂದು ಸಣ್ಣ ಮೊಳೆ ಇದೆ. ಹಾಡು ನಡೆಯುವಾಗ ನಾಲಗೆ ಕೂದಲೆಳೆಯಷ್ಟು ಮುಂದೆ ಬರುತ್ತದೆ, ಸುತ್ತಿ ಬಂದ ಮೊಳೆ ಅದನ್ನು ಮೆಲ್ಲ ಹಿಂದಕ್ಕೆ ತಳ್ಳುತ್ತದೆ. ಹೀಗೆ ಪ್ರತಿ ಸುತ್ತಿಗೂ. ಖಾಲಿ ಗೆರೆಗೆ ಬಂದಾಗ ನಾಲಗೆ ಒಂದೇ ಸಲಕ್ಕೆ ಬಹಳ ಮುಂದೆ ಬಂದುಬಿಡುತ್ತದೆ. ಆಗ ಮೊಳೆಗೆ ಅದನ್ನು ತಳ್ಳಲಾಗುವುದಿಲ್ಲ, ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕೂಡಲೇ ಅಡಿಯ ಹಲ್ಲುಚಕ್ರ ತಿರುಗಿ, ಕೈಯನ್ನು ಮೇಲೆತ್ತಿ, ಹೊರಗೆ ಒಯ್ಯುತ್ತದೆ. ಕರೆಂಟಿನ ಕಣ್ಣಿಲ್ಲ, ಕಂಪ್ಯೂಟರ್ ಇಲ್ಲ. ಒಂದು ನಾಲಗೆ, ಒಂದು ಮೊಳೆ.

ಆದರೆ ಈ ಚೇಂಜರಿನಿಂದ ಪ್ಲೇಟಿಗೆ ಒಳ್ಳೆಯದಾಯಿತೇ? ಅಷ್ಟೇನಿಲ್ಲ. ಹೆಚ್ಚಿನವುಗಳಲ್ಲಿ ಮೇಲಿನ ಪ್ಲೇಟು ಕೆಳಗಿನದರ ಮೇಲೆ ದೊಪ್ಪೆಂದು ಬೀಳುತ್ತಿತ್ತು, ಒಂದರ ಮೇಲೊಂದು ಜಾರಿ ಉಜ್ಜುತ್ತಿತ್ತು. ಖಾಲಿ ಗೆರೆ ಇಲ್ಲದ ಹಳೆಯ ಪ್ಲೇಟು ಇಟ್ಟರೆ ಯಂತ್ರಕ್ಕೆ ಕೊನೆ ತಿಳಿಯುತ್ತಲೇ ಇರಲಿಲ್ಲ. ಮನುಷ್ಯನ ಕೆಲಸ ಕಡಿಮೆಯಾಯಿತು, ಪ್ಲೇಟಿನ ಆಯುಷ್ಯ ಹೆಚ್ಚಲಿಲ್ಲ.

ನಮ್ಮ ಕಡೆ ಎತ್ತಿದ್ದು ಮೈಕಿನ ಹುಡುಗರು

ನಮ್ಮ ದೇಶದಲ್ಲೂ ಉಳ್ಳವರ ಮನೆಯ ರೇಡಿಯೋಗ್ರಾಮ್ ಪೆಟ್ಟಿಗೆಗಳಲ್ಲಿ ಚೇಂಜರ್ ಇತ್ತು. ಹಳ್ಳಿಯ ಜನ ಪ್ಲೇಟಿನ ಹಾಡು ಕೇಳಿದ್ದು ಹೆಚ್ಚಾಗಿ ಅಲ್ಲಿಂದಲ್ಲ. ಮದುವೆ ಚಪ್ಪರದ ಪಕ್ಕದ ತೆಂಗಿನ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಿಂದ. ಮೈಕ್ ಸೆಟ್ಟಿನವರು ಆಂಪ್ಲಿಫಯರ್, ಬ್ಯಾಟರಿ, ಪ್ಲೇಯರ್, ಒಂದು ಪೆಟ್ಟಿಗೆ ಪ್ಲೇಟು ಹೊತ್ತು ತಂದರೆ ಹತ್ತು ಮನೆಗೆ, ಗದ್ದೆಯ ಆಚೆಗೂ ಹಾಡು.

ಅಲ್ಲಿ ಮುಳ್ಳು ಎತ್ತಲು ಒಬ್ಬ ಹುಡುಗ ಇರಲೇಬೇಕು. ಅವನು ಊಟಕ್ಕೋ ಬೀಡಿಗೋ ಹೋಗಿ, ಪ್ಲೇಟು ಮುಗಿದು, 'ಕಟ್ಟ್... ಕಟ್ಟ್...' ಎಂದು ಊರಿಗೆಲ್ಲ ಕೇಳತೊಡಗಿದರೆ ಚಪ್ಪರದಿಂದ ಕೂಗು ಬರುತ್ತಿತ್ತು: "ಹ್ವಾಯ್, ಪ್ಲೇಟ್ ಮುಗೀತ್ ಕಾಣಿ, ಮುಳ್ಳ್ ಎತ್ತಿ!"

ಚೇಂಜರ್ ಇದ್ದಿದ್ದರೆ ಈ ಹುಡುಗನ ಕೆಲಸ ಹೋಗುತ್ತಿತ್ತೇ? ಇಲ್ಲ. ಯಂತ್ರಕ್ಕೆ ತಿಳಿಯುವುದು ಪ್ಲೇಟು ಮುಗಿದದ್ದು ಮಾತ್ರ. ಧಾರೆಯ ಮುಹೂರ್ತ ಬಂತು, ಈಗ ವಾಲಗದ ಸರದಿ ಎಂದು ಅದಕ್ಕೆ ತಿಳಿಯುವುದಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆ ಬಿತ್ತು, ಹಾಡಿನ ನಡುವೆಯೇ ನಿಲ್ಲಿಸಬೇಕು ಎಂದು ತಿಳಿಯುವುದಿಲ್ಲ. ಆಟದ ದಿನ ಕೇಳಿ ಬಾರಿಸುವ ಹೊತ್ತಿಗೆ ಪ್ಲೇಟು ಸುಮ್ಮನಾಗಬೇಕು ಎಂದೂ ತಿಳಿಯುವುದಿಲ್ಲ. ಯಾವಾಗ ಎತ್ತಬೇಕು ಎಂಬುದನ್ನು ಊರಿನ ಕ್ರಮ ಹೇಳುತ್ತಿತ್ತು. ಆ ಕ್ರಮ ತಿಳಿದವನ ಕೈ ಬೇಕಿತ್ತು.

ಆಕಾಶವಾಣಿಯಲ್ಲೂ ಹೀಗೆಯೇ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಿಂದ 1935ರಲ್ಲಿ ಬಾನುಲಿ ಆರಂಭಿಸಿದರು. ನಮ್ಮ ಕರಾವಳಿಗೆ ಮಂಗಳೂರು ಆಕಾಶವಾಣಿ ಬಂದದ್ದು 1976ರಲ್ಲಿ. ಪ್ಲೇಟಿನ ಕಾಲದ ಬಾನುಲಿ ನಿಲಯಗಳಲ್ಲಿ ಎರಡು ಪ್ಲೇಯರುಗಳು ಅಕ್ಕಪಕ್ಕ. ಒಂದರಲ್ಲಿ ಹಾಡು ನಡೆಯುವಾಗ ಇನ್ನೊಂದರಲ್ಲಿ ಮುಂದಿನ ಹಾಡಿನ ಆರಂಭದ ಗೆರೆಗೆ ಮುಳ್ಳು ಇಟ್ಟು ಕಾಯಬೇಕು. ಎತ್ತುವುದೂ ಇಡುವುದೂ ಮನುಷ್ಯರೇ.

ಈ ಪ್ಲೇಟುಗಳಲ್ಲಿ ನಮ್ಮವರೂ ಇದ್ದರು. ಕನ್ನಡದ ಕವಿತೆಗಳನ್ನು ಹಾಡಾಗಿ ಮನೆಮನೆಗೆ ಮುಟ್ಟಿಸಿದ ಪಿ. ಕಾಳಿಂಗರಾವ್ ಹುಟ್ಟಿದ್ದು 1914ರಲ್ಲಿ, ನಮ್ಮ ಬ್ರಹ್ಮಾವರ ಬದಿಯ ಆರೂರಿನಲ್ಲಿ. ಹೆಸರಿನ ಮುಂದಿನ 'ಪಿ' ಪಾಂಡೇಶ್ವರ. ಅದೂ ಬಾರ್ಕೂರಿಗೆ ದೂರದ ಊರಲ್ಲ. ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದ ಅವರು 1981ರಲ್ಲಿ ತೀರಿಕೊಂಡರು. ಮೋಹನಕುಮಾರಿ, ಸೋಹನಕುಮಾರಿ ಅವರ ಜತೆ ಹಾಡಿದ ಹಾಡುಗಳು ಪ್ಲೇಟಿನಲ್ಲಿವೆ. ಭಾವಗೀತೆ ಎಂದರೆ ಏನು ಎಂದು ಕನ್ನಡಿಗರಿಗೆ ಕಿವಿಯಿಂದ ಕಲಿಸಿದ ಆ ದನಿ ನಮ್ಮ ಪಕ್ಕದ ಊರಿನದ್ದು. ಅದು ಬಹಳ ಮನೆಗಳಿಗೆ ಬಂದದ್ದು ಮುಳ್ಳು, ಗೆರೆ, ಪ್ಲೇಟಿನ ಮೂಲಕವೇ.

ರಾತ್ರಿ ಇಡೀ 16,000 ಸುತ್ತು

1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ಎಲ್‌ಪಿ ಪ್ಲೇಟು ತಂದಿತು. ಅರಗಿನ ಬದಲು ವಿನೈಲ್ ಎಂಬ ಪ್ಲಾಸ್ಟಿಕ್. ನಿಮಿಷಕ್ಕೆ ಮೂವತ್ತಮೂರೂ ಕಾಲುಮಿಕ್ಕಿ ಸುತ್ತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಮುಂದಿನ ವರ್ಷ ಆರ್‌ಸಿಎ ಕಂಪನಿ 45 ಸುತ್ತಿನ ಸಣ್ಣ ಪ್ಲೇಟು ತಂದಿತು. ನಮ್ಮಲ್ಲಿ 78ರ ಪ್ಲೇಟು ಹೊರಗಿನ ದೇಶಗಳಿಗಿಂತ ಹೆಚ್ಚು ಕಾಲ ಬಾಳಿತಾದರೂ ಕೊನೆಗೆ ಎಲ್‌ಪಿ ಇಲ್ಲಿಗೂ ಬಂತು.

ಎಲ್‌ಪಿಯ ಗೆರೆ ಬಹಳ ಸಣ್ಣದು. ಉಕ್ಕಿನ ಮುಳ್ಳು ಅದಕ್ಕೆ ಆಗದು. ನೀಲಮಣಿಯ ಇಲ್ಲವೇ ವಜ್ರದ ತುದಿಯ ಮುಳ್ಳು ಬೇಕು. ಭಾರವೂ ಇಳಿಯಿತು: ಅಗ್ಗದ ಪ್ಲೇಯರಿನಲ್ಲಿ ಐದು ಹತ್ತು ಗ್ರಾಂ, ಒಳ್ಳೆಯದರಲ್ಲಿ ಎರಡು ಗ್ರಾಮಿನ ಸುತ್ತಮುತ್ತ.

ಇಪ್ಪತ್ತು ನಿಮಿಷ ಸಿಕ್ಕಿದ ಮೇಲೆ ಮನುಷ್ಯ ಏನು ಮಾಡುತ್ತಾನೆ? ಆರಾಮ ಕುರ್ಚಿಯಲ್ಲಿ ಒರಗುತ್ತಾನೆ, ನಿದ್ದೆ ಹೋಗುತ್ತಾನೆ. ಎಲ್‌ಪಿಯ ಕೊನೆಯ ಗೆರೆ ತನ್ನ ಬಾಲವನ್ನು ತಾನೇ ಕಚ್ಚಿದ ಹಾವಿನ ಹಾಗೆ ವರ್ತುಲವಾಗಿ ಮುಚ್ಚಿಕೊಂಡಿರುತ್ತದೆ. ಮುಳ್ಳು ಅದರಲ್ಲೇ ಸುತ್ತುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡ್. ರಾತ್ರಿ ಎಂಟು ಗಂಟೆ ಯಾರೂ ಎತ್ತದೆ ಬಿಟ್ಟರೆ 16,000 ಸುತ್ತು. ಹಾಡಿನ ಗೆರೆಗೆ ಅದರಿಂದ ಪೆಟ್ಟಿಲ್ಲ, ಆದರೆ ಮುಳ್ಳು ವೃಥಾ ಸವೆಯುತ್ತದೆ. ಸವೆದ ಮುಳ್ಳನ್ನು ಮಾರನೆಯ ದಿನ ಬೇರೆ ಪ್ಲೇಟಿನ ಮೇಲೆ ಇಟ್ಟರೆ ಅದರ ಗೆರೆಯನ್ನು ಕೆರೆಯುತ್ತದೆ. ಎತ್ತುವುದು ನಿಜವಾದ ಕಾಳಜಿಯ ವಿಷಯ ಆದದ್ದು ಇಲ್ಲಿಂದ.

ಏತದಂಥ ಕೈ, ಇಲಿಬೋನಿನಂಥ ಲಿಫ್ಟರ್

ಇಷ್ಟು ಹೊತ್ತಿಗೆ ತಾನಾಗಿ ಎತ್ತುವ ಪ್ಲೇಯರುಗಳು ಬೇಕಾದಷ್ಟು ಇದ್ದವು. ಆದರೆ ಸಂಗೀತವನ್ನು ಸೂಕ್ಷ್ಮವಾಗಿ ಕೇಳುವವರು ಅವನ್ನು ದೂರ ಇಟ್ಟರು. ಕೈಗೆ ಅಂಟಿಕೊಂಡ ನಾಲಗೆ, ಸರಳು, ಹಲ್ಲುಚಕ್ರ ಇವೆಲ್ಲ ಕೈಯನ್ನು ಅಷ್ಟಿಷ್ಟು ಎಳೆಯುತ್ತವೆ, ಹಗುರವಾಗಿ ಓಡಬೇಕಾದ ಮುಳ್ಳಿಗೆ ತೊಂದರೆ ಎಂಬುದು ಅವರ ಆಕ್ಷೇಪ. ಹಾಗಾಗಿ ಒಳ್ಳೆಯ ಪ್ಲೇಯರುಗಳು ಮತ್ತೆ ಬರಿಗೈಗೆ ಬಂದವು. ಎತ್ತಲಿಕ್ಕೆ ಪಕ್ಕದಲ್ಲಿ ಒಂದು ಸಣ್ಣ ಹಿಡಿ ಮಾತ್ರ. ಅದನ್ನು ಒತ್ತಿದರೆ ಅಡಿಯ ಕಂಬ ದಪ್ಪನೆಯ ಸಿಲಿಕೋನ್ ಎಣ್ಣೆಯಲ್ಲಿ ನಿಧಾನ ಏರಿಳಿಯುತ್ತದೆ. ಕೈ ನಡುಗಿದರೂ ಮುಳ್ಳು ಮೆಲ್ಲಗೇ ಇಳಿಯುತ್ತದೆ. ಆದರೆ ಒತ್ತಲು ಮನುಷ್ಯ ಬೇಕು. ಮೊದಲಿನ ತೊಂದರೆಯೇ ಮತ್ತೆ ಬಂತು.

ಆಗ ಬಂದದ್ದು ಬೇರೆಯಾಗಿಯೇ ಇಡುವ ಲಿಫ್ಟರ್. ಹೆಬ್ಬೆರಳಿನಷ್ಟು ಗಾತ್ರದ ಸಣ್ಣ ಕಂಬ. ಪ್ಲೇಯರಿನ ಮೇಲೆ, ಕೈ ಬಂದು ಮುಗಿಯುವ ಜಾಗದಲ್ಲಿ ಇಡುವುದು. ಜಪಾನಿನ ಆಡಿಯೋ-ಟೆಕ್ನಿಕಾ ಕಂಪನಿಯದ್ದು, ನಾರ್ವೆ ದೇಶದ ಲಿಟ್ಲ್ ಫ್ವೆಂಡ್ ಎಂಬುದು ಈಗಲೂ ಮಾರುಕಟ್ಟೆಯಲ್ಲಿವೆ.

ಇದರ ಕೆಲಸ ತಿಳಿಯಬೇಕಾದರೆ ಹಳೆಯ ಬಾವಿಕಟ್ಟೆಯ ಏತವನ್ನು ನೆನಪಿಸಿಕೊಳ್ಳಿ. ಉದ್ದದ ಮರ, ನಡುವೆ ಆಧಾರ, ಹಿಂದಿನ ತುದಿಗೆ ಕಟ್ಟಿದ ಕಲ್ಲು. ಕಲ್ಲಿನ ಭಾರ ಸರಿಯಾಗಿದ್ದರೆ ತುಂಬಿದ ಬಕೆಟು ಬೆರಳಿನಲ್ಲಿ ಎತ್ತಿದಷ್ಟು ಹಗುರ. ಪ್ಲೇಯರಿನ ಕೈಯೂ ಒಂದು ಏತವೇ. ಹಿಂದೆ ಒಂದು ಲೋಹದ ಗುಂಡು, ಮುಂದೆ ಮುಳ್ಳು. ಗುಂಡನ್ನು ಹೊಂದಿಸಿ ಮುಳ್ಳಿನ ಮೇಲೆ ಒಂದೂವರೆ ಎರಡು ಗ್ರಾಂ ಭಾರ ಮಾತ್ರ ಉಳಿಸಿರುತ್ತಾರೆ. ಹಾಗಾಗಿ ಎತ್ತಲು ಮೋಟಾರು ಬೇಡ, ಒಂದು ಸಣ್ಣ ಸ್ಪ್ರಿಂಗ್ ಸಾಕು.

ಲಿಫ್ಟರಿನೊಳಗೆ ಆ ಸ್ಪ್ರಿಂಗನ್ನು ಒತ್ತಿ ಕೊಕ್ಕೆ ಹಾಕಿ ಇಟ್ಟಿರುತ್ತದೆ, ಇಲಿಬೋನಿನ ಹಾಗೆ. ಹಾಡು ಮುಗಿದು ಕೈ ಖಾಲಿ ಗೆರೆಯಲ್ಲಿ ಒಳಕ್ಕೆ ಜಾರಿದಾಗ ಒಂದು ತೆಳ್ಳನೆಯ ಕಡ್ಡಿಗೆ ತಾಗುತ್ತದೆ. ಕೊಕ್ಕೆ ಬಿಡುತ್ತದೆ. ಮೇಲಿನ ಅಡ್ಡಪಟ್ಟಿ ಏರಿ ಕೈಯನ್ನು ಎತ್ತಿ ಹಿಡಿಯುತ್ತದೆ. ಕಡ್ಡಿ ಬಹಳ ಸೂಕ್ಷ್ಮವಾಗಿರಬೇಕು. ಬಿಗಿಯಾದರೆ ಅದೇ ಕೈಯನ್ನು ಹಿಂದೆ ತಳ್ಳುತ್ತದೆ, ಸಡಿಲವಾದರೆ ಹಾಡಿನ ನಡುವೆಯೇ ಬೋನು ಬಿಡುತ್ತದೆ. ಹಾಡು ಮುಗಿಯುವ ತನಕ ಲಿಫ್ಟರಿಗೂ ಕೈಗೂ ಸಂಬಂಧವೇ ಇಲ್ಲ. ಇದರ ಗುಣ ಇರುವುದು ಅಲ್ಲೇ. ತಟ್ಟೆಯನ್ನು ಅದು ನಿಲ್ಲಿಸುವುದಿಲ್ಲ, ಮುಂದಿನ ಪ್ಲೇಟು ಹಾಕುವುದಿಲ್ಲ. ಎತ್ತುತ್ತದೆ, ಅಷ್ಟೇ. ಕಾವಲುಗಾರನ ಕೆಲಸವನ್ನು ಮಾತ್ರ ಮಾಡುವ ಯಂತ್ರ ಇದು.

ಕ್ಯಾಸೆಟ್ಟಿನಿಂದ ಫೋನಿಗೆ

ನಮ್ಮೂರಿಗೆ ಈ ಲಿಫ್ಟರ್ ಬರುವ ಮೊದಲೇ ಕ್ಯಾಸೆಟ್ ಬಂತು. ಒಂದು ಕ್ಯಾಸೆಟ್ಟಿಗೆ ಅರುವತ್ತು ತೊಂಬತ್ತು ನಿಮಿಷ. ಮೂರು ನಿಮಿಷದ ಪ್ಲೇಟಿನಲ್ಲಿ ಯಕ್ಷಗಾನದ ಒಂದು ಪದ ಹಿಡಿಸುವುದೂ ಕಷ್ಟ. ಕ್ಯಾಸೆಟ್ಟಿನಲ್ಲಿ ಪ್ರಸಂಗದ ಒಳ್ಳೆಯ ಭಾಗವೇ ಹಿಡಿಸಿತು. ಸಾಸ್ತಾನ ಸಮೀಪದ ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಅವರ ಭಾಗವತಿಕೆ ಇವತ್ತಿನ ಮಕ್ಕಳ ಕಿವಿಗೂ ಬೀಳುತ್ತಿರುವುದು ಆ ಕ್ಯಾಸೆಟ್ಟುಗಳಿಂದ. ಟೇಪ್ ರೆಕಾರ್ಡರಿನಲ್ಲಿ ಟೇಪು ಮುಗಿದಾಗ 'ಟಕ್' ಎಂದು ಬಟನ್ ಮೇಲೇಳುತ್ತಿತ್ತಲ್ಲ, ಅದೂ ಇದೇ ವಂಶದ ಉಪಾಯ.

ಈಗ ಫೋನಿನಲ್ಲಿ ಹಾಡು ಮುಗಿಯುವುದೇ ಇಲ್ಲ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಚೇಂಜರಿನ ಅವಸರವೇ ಗೆದ್ದಿತು ಎನ್ನಬಹುದು. ಫೋನಿನ ಹಾಡು ಎಷ್ಟು ಕೇಳಿದರೂ ಸವೆಯುವುದಿಲ್ಲ, ಅದು ನಿಜವಾದ ಲಾಭ. ಆದರೆ ಫೋನಿಗೆ ಬಂದಿರುವುದು ಯಾರೋ ಪ್ಲೇಟಿನಿಂದ ಎತ್ತಿ ಹಾಕಿದ್ದು ಮಾತ್ರ. ಎತ್ತಿ ಹಾಕದೆ ಉಳಿದದ್ದು ಅಟ್ಟದಲ್ಲೇ ಇದೆ, ಇಲ್ಲವೇ ಗುಜರಿಗೆ ಹೋಗಿದೆ.

ನಿಮ್ಮ ಮನೆಯಲ್ಲಿ ಪ್ಲೇಟು ಇದ್ದರೆ

ಶಾಸನದ ಕಲ್ಲುಗಳನ್ನು ಬಟ್ಟೆ ಒಗೆಯಲು ಬಳಸಿದ ಊರುಗಳು ಎಷ್ಟೋ ಇವೆ. ಅದರ ಬೆಲೆ ತಿಳಿದ ಮೇಲೆ ಜನ ತಂದು ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿದರು. ಪ್ಲೇಟುಗಳಿಗೆ ಅಷ್ಟು ಕಾಯುವ ಶಕ್ತಿ ಇಲ್ಲ. ಅರಗಿನ ಪ್ಲೇಟು ಬಿದ್ದರೆ ಹೆಂಚಿನ ಹಾಗೆ ಒಡೆಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಕೆಲವು ಮಾತು:

ಹಳೆಯ ಪೆಟ್ಟಿಗೆಗೆ ಕೀ ಕೊಟ್ಟು, ಇದ್ದ ತುಕ್ಕು ಮುಳ್ಳನ್ನೇ ಇಟ್ಟು 'ಹಾಡುತ್ತದಾ ನೋಡುವ' ಎಂದು ಪರೀಕ್ಷೆ ಮಾಡಬೇಡಿ. ಆ ಒಂದು ಸಲವೇ ಗೆರೆ ಹಾಳಾಗಲು ಸಾಕು. ಎಲ್‌ಪಿಯ ಮೇಲಂತೂ ಉಕ್ಕಿನ ಮುಳ್ಳು ಇಡಲೇಬಾರದು.

ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ, ಗೆರೆ ಸುತ್ತುವ ದಿಕ್ಕಿನಲ್ಲೇ ಧೂಳು ತೆಗೆಯಿರಿ.

ಒಂದರ ಮೇಲೊಂದು ಅಟ್ಟಿ ಹಾಕಬೇಡಿ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲು, ಹೆಂಚಿನ ಕಾವು, ಹಂಡೆ ಒಲೆಯ ಹೊಗೆ ಬೀಳದ ಜಾಗ ಇರಲಿ.

ಲೇಬಲಿನ ಫೋಟೋ ತೆಗೆಯಿರಿ. ಕಂಪನಿ, ಹಾಡಿದವರ ಹೆಸರು, ಸಂಖ್ಯೆ ಅದರಲ್ಲಿ ಇರುತ್ತವೆ. ಲೇಬಲಿನ ಹೊರಗೆ ಗೆರೆ ಮುಗಿಯುವಲ್ಲಿ ಸಣ್ಣದಾಗಿ ಒತ್ತಿದ ಅಂಕಿಗಳೂ ಇರುತ್ತವೆ. ಅವನ್ನೂ ಬರೆದಿಡಿ. ಯಾವ ಮುದ್ರಣ ಎಂದು ತಿಳಿದವರು ಗುರುತಿಸುವುದು ಆ ಅಂಕಿಯಿಂದ.

ಹಾಡನ್ನು ಕಂಪ್ಯೂಟರಿಗೆ ಇಳಿಸಬೇಕಾದರೆ 78ಕ್ಕೆ ಬೇರೆ ದಪ್ಪದ ಮುಳ್ಳು, ಎಲ್‌ಪಿಗೆ ಬೇರೆ ಮುಳ್ಳು ಇರುವವರ ಬಳಿಯೇ ಕೊಡಿ. ಅದನ್ನು ಕೇಳಿಯೇ ಕೊಡಿ. ಇಳಿಸುವಾಗ ಒಮ್ಮೆ ಇಟ್ಟ ಮುಳ್ಳು, ಹಾಡು ಮುಗಿದ ಕೂಡಲೇ ಏಳಬೇಕು. ಮತ್ತೆ ಮತ್ತೆ ಕೇಳುವುದಕ್ಕೆ ಇಳಿಸಿದ ಪ್ರತಿ ಇದೆ.

ಬಾರ್ಕೂರು, ಬ್ರಹ್ಮಾವರ, ಸಾಸ್ತಾನ, ಕುಂದಾಪುರ ಸುತ್ತ ಯಾರ ಮನೆಯಲ್ಲಾದರೂ ಹಳೆಯ ಪ್ಲೇಟು ಇದ್ದರೆ, ಅದರಲ್ಲೂ ಕನ್ನಡದ ಹಾಡು, ನಾಟಕ, ಯಕ್ಷಗಾನದ ಪ್ಲೇಟು ಇದ್ದರೆ, ಲೇಬಲಿನ ಫೋಟೋ ಒಂದನ್ನು ನಮ್ಮ ಬಳಗಕ್ಕೆ ಕಳಿಸಿ. ಪ್ಲೇಟು ನಿಮ್ಮಲ್ಲೇ ಇರಲಿ. ಮೈಕ್ ಸೆಟ್ಟಿನಲ್ಲಿ ಪ್ಲೇಟು ಹಾಕುತ್ತಿದ್ದವರು ನಿಮ್ಮ ಮನೆಯಲ್ಲಿ ಇದ್ದರೆ ಅವರನ್ನೂ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ಯಾವ ಮದುವೆಗೆ ಯಾವ ಪ್ಲೇಟು ಹಾಕುತ್ತಿದ್ದರು, ಯಾವ ಹೊತ್ತಿಗೆ ಎತ್ತುತ್ತಿದ್ದರು ಎಂಬುದು ಯಾವ ಶಾಸನದಲ್ಲೂ ಬರೆದಿಲ್ಲ. ಅದು ಅವರ ನೆನಪಿನಲ್ಲಿ ಮಾತ್ರ ಇದೆ.